ಪಿನ್ನಕ್ಕನ ಎಂಟು ಖಾಲಿ ಪಿನ್ನುಗಳು

ಕಾಗದದ ಮೇಲೆ ಅವರು ‘ಹಿರಿಯ ಸಹಾಯಕಿ, ರೇಖಾಚಿತ್ರ ವಿಭಾಗ’. ಆ ವಿಭಾಗದಲ್ಲಿ ಇದ್ದದ್ದು ಅವರೊಬ್ಬರೇ. ಹಾಗಾಗಿ ಅವರು ಯಾರಿಗೆ ಸಹಾಯಕಿ ಎಂದು ಕೇಳುವ ಧೈರ್ಯವನ್ನು ಕಂಪನಿಯಲ್ಲಿ ಯಾರೂ ಮಾಡಿರಲಿಲ್ಲ. ಯಜಮಾನರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಪಿನ್ನಕ್ಕ ಎಂದು.

ಹತ್ತೊಂಬತ್ತನೇ ವಯಸ್ಸಿಗೆ ಬೆಸುಗೆ ಹಾಕುವ ಕೆಲಸಕ್ಕೆ ಸೇರಿದವರು. ಬೆಸುಗೆ ಹಾಕುತ್ತಾ ಹಾಕುತ್ತಾ, ಯಾವ ತಂತಿ ಎಲ್ಲಿಂದ ಎಲ್ಲಿಗೆ ಯಾಕೆ ಹೋಗುತ್ತದೆ ಎಂದು ಎಂಜಿನಿಯರುಗಳ ತಲೆ ತಿಂದು ತಿಳಿದುಕೊಂಡರು. ಆಮೇಲೆ ಸರ್ಕ್ಯೂಟ್ ಬೋರ್ಡಿನ ನಕ್ಷೆ ಬಿಡಿಸುವುದನ್ನು ಕಲಿತರು. ಕೊನೆಗೆ ಒಂದು ದಿನ, ಎಂಜಿನಿಯರುಗಳೇ ಅವರ ಸ್ಟೂಲಿನ ಪಕ್ಕ ಬಂದು ನಿಂತು, “ಪಿನ್ನಕ್ಕ, ಇದನ್ನ ಯಾವ ಪಿನ್ನಿಗೆ ಕೊಡ್ಲಿ?” ಎಂದು ಕೇಳುವ ಹಾಗಾಯಿತು. ಡಿಗ್ರಿ ಇಲ್ಲ ಎಂಬ ಕಾರಣಕ್ಕೆ ಸಂಬಳದ ಪಟ್ಟಿಯಲ್ಲಿ ಅವರ ಹೆಸರು ಕೆಳಗೇ ಉಳಿಯಿತು. ಪ್ರಶ್ನೆ ಮಾತ್ರ ಮೇಲಿನಿಂದ ಇಳಿದು ಅವರ ಹತ್ತಿರವೇ ಬರುತ್ತಿತ್ತು.

ನನ್ನ ಮೇಜು ಅವರ ಮೇಜಿನ ಪಕ್ಕದಲ್ಲಿತ್ತು. ನಡುವೆ ಎದೆಯೆತ್ತರದ ಒಂದು ಪ್ಲೈವುಡ್ ಹಲಗೆ. ಯಂತ್ರಗಳ ಜೊತೆ ಕೊಡುವ ಕೈಪಿಡಿ ಬರೆಯುವುದು ನನ್ನ ಕೆಲಸ. ನನಗೆ ಅರ್ಥವಾಗದ್ದನ್ನು ಇತರರಿಗೆ ಅರ್ಥವಾಗುವ ಹಾಗೆ ಬರೆಯಬೇಕಾದ ಹುದ್ದೆ ಅದು. ಅನುಮಾನ ಬಂದಾಗಲೆಲ್ಲ ಎದ್ದು ನಿಂತು ಹಲಗೆಯ ಮೇಲಿಂದ ಇಣುಕುತ್ತಿದ್ದೆ. ಅವರು ತಲೆ ಎತ್ತದೆಯೇ, “ಏನಪ್ಪಾ, ಎಲ್ಲಿ ಸಿಕ್ಕಿಹಾಕ್ಕೊಂಡೆ?” ಎನ್ನುತ್ತಿದ್ದರು.

ನಮ್ಮ ಕಂಪನಿ ಮಾಡುತ್ತಿದ್ದದ್ದು ಬಿರುಕು ಹುಡುಕುವ ಯಂತ್ರ. ಸೇತುವೆಯ ತೊಲೆ, ರೈಲಿನ ಗಾಲಿ, ಬಾಯ್ಲರಿನ ಗೋಡೆ, ಇಂಥವುಗಳ ಮೇಲೆ ಅದರ ಮೂತಿ ಒತ್ತಿ ಹಿಡಿದರೆ, ನಮ್ಮ ಕಿವಿಗೆ ಕೇಳಿಸದ ಸಣ್ಣ ಶಬ್ದವೊಂದನ್ನು ಅದು ಲೋಹದೊಳಗೆ ಕಳಿಸುತ್ತದೆ. ಒಳಗೆ ಬಿರುಕಿದ್ದರೆ ಅಲ್ಲಿಂದ ಪ್ರತಿಧ್ವನಿ ಬರುತ್ತದೆ. ಪರದೆಯ ಮೇಲೆ ಗೆರೆಯೊಂದು ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ. ಆ ವರ್ಷ ಹೊಸ ಮಾದರಿಯೊಂದನ್ನು ತರಬೇಕೆಂದು ಯಜಮಾನರು ನಿಶ್ಚಯಿಸಿದರು. ಕೂದಲೆಳೆಯಷ್ಟು ಬಿರುಕನ್ನೂ ಅದು ಹಿಡಿಯಬೇಕು.

ಆ ಮಾದರಿಯ ನಡುಮನೆಯಲ್ಲಿ ಕೂತದ್ದು ಎಫ್‌ಪಿಜಿಎ ಎಂಬ ಚಿಪ್. ಇದರ ಒಳಗಿನ ಸರ್ಕ್ಯೂಟನ್ನು ಕೊಂಡವರೇ ತಮಗೆ ಬೇಕಾದ ಹಾಗೆ ಬರೆದುಕೊಳ್ಳಬಹುದು. ಯಾವ ಸಂಕೇತ ಯಾವ ಪಿನ್ನಿನಿಂದ ಹೊರಬರಬೇಕು ಎಂಬುದೂ ಹೆಚ್ಚುಕಡಿಮೆ ಕೊಂಡವರ ಇಷ್ಟವೇ. ಅಂಚೆಚೀಟಿಗಿಂತ ತುಸು ದೊಡ್ಡದಿರುವ ಆ ಚಿಪ್ಪಿನ ಹೊಟ್ಟೆಯ ಕೆಳಗೆ ಸಾಸಿವೆಯಂಥ ನಾನೂರ ಎಂಬತ್ತನಾಲ್ಕು ಸೀಸದ ಗುಂಡುಗಳು. ಗುಂಡಾದರೂ ಅಭ್ಯಾಸಬಲದಿಂದ ಎಲ್ಲರೂ ಪಿನ್ನು ಎಂದೇ ಕರೆಯುತ್ತಾರೆ.

ಪ್ರತಿಧ್ವನಿಯನ್ನು ಅಳೆಯುವ ಕೆಲಸ ಪಕ್ಕದಲ್ಲಿದ್ದ ಇನ್ನೊಂದು ಚಿಪ್ಪಿನದು. ಅದಕ್ಕೆ ಸ್ವಂತ ಕಾಲಜ್ಞಾನವಿಲ್ಲ. ‘ಈಗ ಅಳೆ, ಈಗ ಅಳೆ’ ಎಂದು ಯಾರಾದರೂ ಒಂದೇ ಸಮನೆ ತಾಳ ಹಾಕಿಕೊಡಬೇಕು. ಆ ತಾಳಕ್ಕೆ ಕ್ಲಾಕ್ ಎನ್ನುತ್ತಾರೆ. ತಾಳ ಒಂದು ಸಲ ಬೇಗ, ಒಂದು ಸಲ ತಡವಾಗಿ ಬಿದ್ದರೆ, ಅಳತೆ ತಪ್ಪಿ ಪರದೆಯ ಗೆರೆ ನಡುಗುತ್ತದೆ. ಆ ನಡುಕದಲ್ಲಿ ಇರುವ ಬಿರುಕು ಮರೆಯಾಗಬಹುದು, ಇಲ್ಲದ ಬಿರುಕು ಕಾಣಲೂಬಹುದು. ಎಂಜಿನಿಯರುಗಳು ಅದನ್ನು ಜಿಟರ್ ಎನ್ನುತ್ತಿದ್ದರು. ಪಿನ್ನಕ್ಕ ನಡುಕ ಎಂದೇ ಅನ್ನುತ್ತಿದ್ದರು.

ತಾಳ ಹುಟ್ಟುವುದು ಬೋರ್ಡಿನ ಮೇಲಿನ ಒಂದು ಸ್ಫಟಿಕದಲ್ಲಿ. ಅಲ್ಲಿಂದ ನೇರವಾಗಿ ಅಳತೆಯ ಚಿಪ್ಪಿಗೆ ಹೋಗಲಿ ಎಂದು ಪಿನ್ನಕ್ಕ ಮೊದಲೇ ಹೇಳಿದ್ದರು. ಗಿರಾಕಿಗೆ ಮೂರು ಬಗೆಯ ವೇಗ ಬೇಕು, ಆದ್ದರಿಂದ ಎಫ್‌ಪಿಜಿಎ ಮೂಲಕವೇ ಹಾದುಹೋಗಬೇಕು ಎಂದು ತೀರ್ಮಾನವಾಯಿತು. “ಸರಿ, ಹಂಗಾದ್ರೆ ಯಾವ ಪಿನ್ನಿಂದ ಹೊರಗೆ ಬರ್ಬೇಕು ಅನ್ನೋದನ್ನ ನನಗೆ ಬಿಡಿ” ಎಂದರು ಪಿನ್ನಕ್ಕ. ಬಿಟ್ಟರು. ಅದೊಂದು ದೊಡ್ಡ ವಿಷಯವೆಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

ಹನ್ನೊಂದು ದಿನ ಅವರು ಬೇರೇನೂ ಮಾಡಲಿಲ್ಲ. ಪ್ರಯೋಗದ ಬೋರ್ಡೊಂದನ್ನು ಮುಂದಿಟ್ಟುಕೊಂಡು, ಒಂದೇ ತಾಳವನ್ನು ಬೇರೆ ಬೇರೆ ಪಿನ್ನುಗಳಿಂದ ಹೊರಡಿಸಿ, ಸಂಕೇತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ಅಳೆದರು. ಪಿಕೋಸೆಕೆಂಡ್ ಲೆಕ್ಕ. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು. ನಾನು ಇಣುಕಿದಾಗ ಬರಿಗಣ್ಣಿಗೆ ಎಲ್ಲ ಗೆರೆಗಳೂ ಒಂದೇ ಥರ ಕಂಡವು.

“ಎಲ್ಲಾ ಒಂದೇ ಚಿಪ್ಪಿನ ಪಿನ್ನು ತಾನೆ, ಯಾವುದಾದ್ರೇನು ಪಿನ್ನಕ್ಕ?” ಎಂದೆ.

“ನೀನು ಇರೋ ಬೀದೀಲಿ ಎಲ್ಲಾ ಮನೇನೂ ಒಂದೇನಾ?” ಎಂದು ಅವರು ಸ್ಟೂಲು ತಿರುಗಿಸಿದರು. “ನೋಡು, ಈ ಪಿನ್ನುಗಳು ಓಣಿ ಓಣಿಯಾಗಿ ಕೂತಿರ್ತವೆ. ಒಂದು ಓಣಿಗೆಲ್ಲಾ ಒಂದೇ ಕರೆಂಟಿನ ದಾರಿ. ಅಲ್ಲಿ ಹತ್ತು ಪಿನ್ನು ಒಟ್ಟಿಗೆ ಎದ್ದು ಕೂತು ಮಾಡಿದ್ರೆ ನೆಲಾನೇ ಅಲ್ಲಾಡುತ್ತೆ. ಆ ಅಲ್ಲಾಡೋ ನೆಲದ ಮೇಲೆ ನಿಂತು ಯಾರಪ್ಪಾ ಸರಿಯಾಗಿ ತಾಳ ಹಾಕ್ತಾರೆ? ಮೆಮೊರಿ ಇರೋ ಓಣಿ ಸಂತೆ ಇದ್ದಂಗೆ. ಅಲ್ಲಿ ಅರವತ್ತೆರಡು ಪಿಕೋಸೆಕೆಂಡು ನಡುಕ. ಈ ಮೂಲೆಯ ಸಣ್ಣ ಓಣೀಲಿ ಬರೀ ಒಂಬತ್ತು.”

ಆ ಮೂಲೆಯ ಓಣಿಯಲ್ಲಿ ಇದ್ದದ್ದು ಹತ್ತು ಪಿನ್ನು. ನಡುವಿನ ಎರಡನ್ನು ಅವರು ತಾಳಕ್ಕೆ ಆರಿಸಿದರು. ಒಂದು ಮೇಲೇರಿದಾಗ ಇನ್ನೊಂದು ಕೆಳಗಿಳಿಯುವ ಜೋಡಿ. ಹೊರಗಿನ ಗಲಾಟೆ ಎರಡರ ಮೇಲೂ ಸಮನಾಗಿ ಬಿದ್ದರೆ ತಾನಾಗಿ ಕಳೆದುಹೋಗುತ್ತದೆ. ಅಳತೆಯ ಚಿಪ್ಪಿಗೂ ಅಲ್ಲಿಂದ ಒಂದೇ ಬೆರಳಗಲದ ದಾರಿ. ಸುತ್ತ ಉಳಿದ ಎಂಟು ಪಿನ್ನುಗಳಿಗೆ ಯಾವ ಕೆಲಸವನ್ನೂ ಕೊಡದೆ ಬೋರ್ಡಿನ ನೆಲಕ್ಕೆ, ಅಂದರೆ ಗ್ರೌಂಡಿಗೆ, ಜೋಡಿಸಿದರು. ಪಟ್ಟಿಯಲ್ಲಿ ಅವುಗಳ ಎದುರು ‘ಖಾಲಿ’ ಎಂದು ಬರೆದರು. ಅವರು ಮಾಡಿದ ತಪ್ಪೆಂದರೆ ಅದೊಂದೇ ಪದ.

ಅದೇ ತಿಂಗಳು ಯಜಮಾನರು ಒಬ್ಬ ಸಲಹೆಗಾರರನ್ನು ಕರೆಸಿದ್ದರು. ಅವರು ಈ ಹಿಂದೆ ಒಂದು ಹೋಟೆಲಿಗೂ ಒಂದು ಗೋದಾಮಿಗೂ ಸಲಹೆ ಕೊಟ್ಟಿದ್ದರು. ಹೋಟೆಲಿನಲ್ಲಿ ಖಾಲಿ ಕೋಣೆ, ಗೋದಾಮಿನಲ್ಲಿ ಖಾಲಿ ಕಪಾಟು, ಎರಡನ್ನೂ ಹುಡುಕಿ ತುಂಬಿಸಿದ್ದ ಹೆಸರು ಅವರಿಗಿತ್ತು. ‘ಬಳಕೆಯ ಪ್ರಮಾಣ’ ಎಂಬುದು ಅವರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಮೊದಲ ವಾರ ಮೀಟಿಂಗ್ ಕೋಣೆಯ ಕುರ್ಚಿಗಳ ಬಳಕೆಯ ಪ್ರಮಾಣ ತೆಗೆದರು. ಅದು ಶೇಕಡಾ ಮೂವತ್ತಿತ್ತು. ಅದನ್ನು ಏರಿಸಲು ಇನ್ನಷ್ಟು ಮೀಟಿಂಗ್‌ಗಳನ್ನು ಏರ್ಪಡಿಸಿದರು. ಎರಡನೇ ವಾರ ಅವರ ಕಣ್ಣು ಪಿನ್ನಕ್ಕನ ಪಟ್ಟಿಯ ಮೇಲೆ ಬಿತ್ತು.

ಮೀಟಿಂಗಿನಲ್ಲಿ ಪಟ್ಟಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಕೋಲಿನಿಂದ ಒಂದೊಂದೇ ‘ಖಾಲಿ’ಯನ್ನು ಮುಟ್ಟಿ ಎಣಿಸಿದರು.

“ಎಂಟು” ಎಂದರು. “ಇದರ ಜೊತೆಗೆ ನೂರಕ್ಕೂ ಹೆಚ್ಚು ಪಿನ್ನು ‘ನೆಲ’ ಅಂತ ಬರೆದಿದೆ. ನೂರು ಪಿನ್ನು ನೆಲ ನೋಡ್ತಾ ಕೂತಿವೆ ಅಂದ್ರೆ ಏನರ್ಥ?”

“ನೆಲ ಚಿಪ್ ಮಾಡಿದವರೇ ಕೊಟ್ಟಿರೋದು ಸಾರ್, ಕರೆಂಟು ವಾಪಸ್ ಹೋಗೋ ದಾರಿ” ಎಂದರು ಪಿನ್ನಕ್ಕ.

“ಸರಿ, ಅದನ್ನ ಬಿಡೋಣ. ಈ ಎಂಟು ಯಾಕೆ ಖಾಲಿ?”

“ಖಾಲಿ ಇರ್ಬೇಕು ಅಂತಾನೇ ಖಾಲಿ ಬಿಟ್ಟಿದ್ದು.”

ಸಲಹೆಗಾರರು ಯಜಮಾನರ ಮುಖ ನೋಡಿದರು. ಕಾಯಿಲೆಯ ಮೂಲ ಸಿಕ್ಕಿತು ಎಂಬ ಸಮಾಧಾನ ಅವರ ಮುಖದಲ್ಲಿತ್ತು. ಪಿನ್ನಕ್ಕ ಓಣಿಯ ಕಥೆಯನ್ನೆಲ್ಲ ಮತ್ತೆ ಹೇಳಿದರು. ಅರವತ್ತೆರಡು, ಒಂಬತ್ತು ಎಂಬ ಅಂಕಿಗಳನ್ನು ತೋರಿಸಿದರು. ಸಲಹೆಗಾರರು ತಾಳ್ಮೆಯಿಂದ ಕೇಳಿಸಿಕೊಂಡು, “ಲಕ್ಷ ಕೋಟಿಯ ಒಂದು ಪಾಲಿನ ಬಗ್ಗೆ ಚಿಂತೆ ಮಾಡೋರು ಎಂಟು ಪಿನ್ನಿನ ಬಗ್ಗೆ ಚಿಂತೆ ಮಾಡಲ್ಲ, ನೋಡಿ” ಎಂದರು. ಮೀಟಿಂಗಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಅದನ್ನು ಇಲ್ಲಿ ಒಪ್ಪಿಕೊಳ್ಳದೆ ಹೋದರೆ ಮುಂದೆ ಬರೆಯುವುದಕ್ಕೆ ನನಗೆ ಬಾಯಿಲ್ಲ.

ಮಾರಾಟದ ಮುಖ್ಯಸ್ಥರಿಗೆ ಬಹಳ ದಿನದಿಂದ ಒಂದು ಆಸೆಯಿತ್ತು. ಯಂತ್ರದ ಮುಂಭಾಗದಲ್ಲಿ ಸಾಲಾಗಿ ಬಣ್ಣದ ದೀಪಗಳಿರಬೇಕು. ನೀಲಿಯಿಂದ ಹಸಿರಿಗೆ, ಹಸಿರಿನಿಂದ ನೇರಳೆಗೆ ಅವು ಮೆಲ್ಲಗೆ ತಿರುಗುತ್ತಿರಬೇಕು. “ಬಿರುಕು ಯಾರಿಗೆ ಕಾಣುತ್ತೆ ಹೇಳಿ? ದೀಪ ಎಲ್ರಿಗೂ ಕಾಣುತ್ತೆ” ಎಂದು ಅವರು ಎಲ್ಲರ ಮುಂದೆ ಹೇಳುತ್ತಿದ್ದರು. ದೀಪ ಎಂಟು. ಖಾಲಿ ಪಿನ್ನೂ ಎಂಟು. ಯಜಮಾನರು ಇದನ್ನು ಒಂದು ಶುಭಸೂಚನೆಯೆಂದೇ ತಿಳಿದರು. ಮೀಟಿಂಗು ಹತ್ತೇ ನಿಮಿಷದಲ್ಲಿ ಮುಗಿಯಿತು.

“ಸಾರ್, ಬಣ್ಣ ಮೆಲ್ಲಗೆ ತಿರುಗೋದು ನಮ್ಮ ಕಣ್ಣಿಗೆ ಮಾತ್ರ. ಒಳಗೆ ಆ ದೀಪಗಳು ಸೆಕೆಂಡಿಗೆ ಸಾವಿರ ಸಲ ಹತ್ತಿ ಆರ್ತಿರ್ತವೆ. ಎಂಟೂ ಒಟ್ಟಿಗೆ! ತಾಳದ ಮಗ್ಗುಲಲ್ಲೇ ಕೂತ್ಕೊಂಡು!” ಎಂದು ಪಿನ್ನಕ್ಕ ಬಾಗಿಲ ತನಕ ಅವರ ಹಿಂದೆ ಹೋದರು.

“ಬರೆದು ಕೊಡಿ ಅಮ್ಮ” ಎಂದರು ಯಜಮಾನರು.

ಬರೆದು ಕೊಟ್ಟರು. ಎರಡು ಪುಟ, ಅಳತೆಯ ಚಿತ್ರಗಳ ಸಮೇತ. ಅದನ್ನು ‘ಸಿಬ್ಬಂದಿಯ ಭಾವನೆಗಳು’ ಎಂಬ ಫೈಲಿನಲ್ಲಿ ಇಡಲಾಯಿತು. ಆ ಫೈಲಿನಲ್ಲಿ ಅದಕ್ಕೂ ಮೊದಲು ಇದ್ದದ್ದು ಶೌಚಾಲಯದ ಬಾಗಿಲಿನ ಚಿಲಕದ ಬಗ್ಗೆ ಒಂದು ಅರ್ಜಿ.

ಬೋರ್ಡು ತಯಾರಾಗಿ ಬಂತು. ಯಂತ್ರಕ್ಕೆ ದೀಪ ಹತ್ತಿದ ದಿನ ಎಲ್ಲರೂ ಸುತ್ತ ನಿಂತು ನೋಡಿದರು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಪಿನ್ನಕ್ಕ ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಆಮೇಲೆ ಯಾರೂ ಇಲ್ಲದಾಗ ತಾಳದ ಪಿನ್ನನ್ನು ಅಳೆದು ನೋಡಿ, ಪುಸ್ತಕದಲ್ಲಿ ಏನೋ ಬರೆದು ಮುಚ್ಚಿಟ್ಟರು. ಎಷ್ಟು ಎಂದು ನಾನು ಕೇಳಿದೆ. “ಬೇಡ ಬಿಡು” ಎಂದರು.

ಸೇತುವೆ ರಿಪೇರಿ ಮಾಡುವ ಒಂದು ಸಂಸ್ಥೆಯವರು ಯಂತ್ರವನ್ನು ನೋಡಲು ಬಂದರು. ಮೂವರಿದ್ದರು. ಅವರಲ್ಲಿ ಹಿರಿಯ ತಪಾಸಣಾಧಿಕಾರಿಣಿಯೊಬ್ಬರು ತಮ್ಮ ಚೀಲದಲ್ಲಿ ಒಂದು ಉಕ್ಕಿನ ತುಂಡನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಎಳ್ಳಷ್ಟೂ ದೋಷವಿಲ್ಲದ, ಪರೀಕ್ಷೆಗೆಂದೇ ಇಟ್ಟ ತುಂಡು. ಎಲ್ಲೆಡೆ ಮೊದಲು ಅದರ ಮೇಲೆ ಯಂತ್ರ ಇಟ್ಟು ನೋಡುವುದು ಅವರ ಪದ್ಧತಿಯಂತೆ.

ಮಾರಾಟದ ಮುಖ್ಯಸ್ಥರು ಯಂತ್ರದ ಮೂತಿಯನ್ನು ಆ ತುಂಡಿನ ಮೇಲೆ ಒತ್ತಿದರು. ದೀಪಗಳು ನೀಲಿಯಿಂದ ಹಸಿರಿಗೆ ತಿರುಗಿದವು. ಪರದೆಯ ಮೇಲೆ ಒಂದು ಮುಳ್ಳು ಎದ್ದಿತು. ಹಸಿರಿನಿಂದ ನೇರಳೆ. ಇನ್ನೆರಡು ಮುಳ್ಳು.

“ನೋಡಿದ್ರಾ!” ಎಂದರು ಮಾರಾಟದ ಮುಖ್ಯಸ್ಥರು, ತುಂಡಿನ ವಿಷಯ ತಿಳಿಯದೆ. “ಎಂಥಾ ಸಣ್ಣ ಬಿರುಕು! ಬೇರೆ ಯಂತ್ರದವರಿಗೆ ಇದು ಕಾಣೋದೇ ಇಲ್ಲ.”

“ನಮಗೂ ಇಪ್ಪತ್ತೆರಡು ವರ್ಷದಿಂದ ಕಂಡಿರಲಿಲ್ಲ” ಎಂದರು ಆಕೆ.

ಆಕೆ ಮೂತಿಯನ್ನು ತಾವೇ ತೆಗೆದುಕೊಂಡು ತುಂಡಿನ ನಾಲ್ಕೂ ಮಗ್ಗುಲಿಗೆ ಇಟ್ಟು ನೋಡಿದರು. ಯಂತ್ರದ ಪ್ರಕಾರ ಆ ಉಕ್ಕು ಜರಡಿಯಾಗಿತ್ತು. “ಬಣ್ಣ ಬದಲಾದಾಗ ಮಾತ್ರ ಬಿರುಕು ಬರ್ತಿದೆ, ಗಮನಿಸಿದ್ರಾ?” ಎಂದು ಆಕೆ ಕೇಳಿದರು. ಆಗ ಮಾರಾಟದ ಮುಖ್ಯಸ್ಥರು ಜೇಬಿನಿಂದ ಕರವಸ್ತ್ರ ತೆಗೆದು ದೀಪಗಳ ಮೇಲೆ ಹೊದಿಸಿದರು. ಬಿರುಕು ಹೋಗಲಿಲ್ಲ. ಇನ್ನೊಂದು ಕರವಸ್ತ್ರ ಕೇಳಿ ಪಡೆದು ಅದನ್ನೂ ಹೊದಿಸಿದರು. ಯಜಮಾನರು ಕಿಟಕಿಯ ಪರದೆ ಎಳೆಯಲು ಹೇಳಿದರು. ಪಿನ್ನಕ್ಕ ಬಾಗಿಲ ಹತ್ತಿರ ನಿಂತು ಇದನ್ನೆಲ್ಲ ನೋಡುತ್ತಿದ್ದರು. ನಗಲೂ ಆಗದ, ಅಳಲೂ ಆಗದ ಮುಖ ಅವರದು.

ಬಂದವರು ಮರ್ಯಾದೆಯಿಂದ ಚಹಾ ಕುಡಿದು, ಸರಿಮಾಡಿದ ಮೇಲೆ ತಿಳಿಸಿ ಎಂದು ಹೇಳಿ ಹೋದರು.

ಮಾರನೇ ದಿನ ಐವರ ಸಮಿತಿಯೊಂದು ರಚನೆಯಾಯಿತು. ಅದರಲ್ಲಿ ಪಿನ್ನಕ್ಕ ಇರಲಿಲ್ಲ, ಯಾಕೆಂದರೆ ಅವರು ‘ಪಕ್ಷಗಾರರು’. ಸಮಿತಿ ಮೂರು ದಿನ ಕೂತಿತು. ಆ ಉಕ್ಕಿನ ತುಂಡು ಹಳೆಯದಾಗಿದ್ದು ಅದರಲ್ಲಿ ನಿಜಕ್ಕೂ ಬಿರುಕು ಬಿಟ್ಟಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ವರದಿ ಬರೆಯಿತು. ಪಿನ್ನುಗಳನ್ನು ಬದಲಿಸಿದರೆ ಬಳಕೆಯ ಪ್ರಮಾಣ ಇಳಿಯುತ್ತದೆ, ಆದ್ದರಿಂದ ಕೈಪಿಡಿಯಲ್ಲಿ ಒಂದು ಎಚ್ಚರಿಕೆ ಸೇರಿಸಿದರೆ ಸಾಕು ಎಂದು ಸಲಹೆ ಕೊಟ್ಟಿತು. ಹೀಗೆ ಇಡೀ ಹೊಣೆ ಸುತ್ತಿ ಬಳಸಿ ನನ್ನ ಮೇಜಿಗೆ ಬಂತು. ನಾನು ಬರೆದೆ: ‘ಅಳತೆಯ ಸಮಯದಲ್ಲಿ ದೀಪಗಳು ಬಣ್ಣ ಬದಲಿಸಿದರೆ, ಆ ಅಳತೆಯನ್ನು ಗಣನೆಗೆ ತೆಗೆದುಕೊಳ್ಳಬಾರದು. ಬಳಕೆದಾರರು ದೀಪಗಳನ್ನು ಸದಾ ಗಮನಿಸುತ್ತಿರಬೇಕು. ಆದರೆ ಪರದೆಯಿಂದ ಕಣ್ಣು ಕೀಳಬಾರದು.’

ಬರೆದದ್ದನ್ನು ಪಿನ್ನಕ್ಕನಿಗೆ ತೋರಿಸಿದೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು, “ಒಂದು ಕಣ್ಣು ಅಲ್ಲಿ, ಒಂದು ಕಣ್ಣು ಇಲ್ಲಿ ಇಡೋಕೆ ಬಳಕೆದಾರರೇನು ಓತಿಕ್ಯಾತನಾ?” ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, “ಭಾನುವಾರ ಮನೆ ಕಡೆ ಬಾ. ಇದನ್ನ ಸರಿಯಾಗಿ ಕೂತು ಬರೆಯೋಣ. ಇಲ್ಲಿ ತಲೆ ಓಡ್ತಿಲ್ಲ” ಎಂದರು.

ಅವರ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಗಂಡ ಲಿಫ್ಟ್ ರಿಪೇರಿ ಮಾಡುವವರು. ಆ ಕಟ್ಟಡದ ಲಿಫ್ಟು ಮಾತ್ರ ಅವರ ಕಂಪನಿಯದ್ದಲ್ಲವಾದ್ದರಿಂದ ಸದಾ ಕೆಟ್ಟು ನಿಂತಿರುತ್ತಿತ್ತು, ಅವರು ಅದನ್ನು ಮುಟ್ಟುವಂತಿರಲಿಲ್ಲ. ನಾನು ಏದುಸಿರು ಬಿಡುತ್ತಾ ಒಳಗೆ ಹೋದಾಗ ಗಂಡ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಪಿನ್ನಕ್ಕನ ಅತ್ತೆ ಸೋಫಾದ ಮೇಲೆ ಕಾಲು ಚಾಚಿ ಕೂತು ಬಟಾಣಿ ಸುಲಿಯುತ್ತಿದ್ದರು. ಎಂಬತ್ತು ದಾಟಿದ ಹೆಂಗಸು. ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂವತ್ತೈದು ವರ್ಷ ವಾರ್ಡಿನ ಹಿರಿಯ ನರ್ಸ್ ಆಗಿದ್ದವರು. ದನಿ ಇನ್ನೂ ವಾರ್ಡಿನ ಆ ತುದಿಯಿಂದ ಈ ತುದಿಗೆ ಮುಟ್ಟುವಂತಿತ್ತು.

“ಏನೇ, ಒಂದು ವಾರದಿಂದ ಮುಖ ಊದಿಸ್ಕೊಂಡಿದ್ದೀಯ, ಆಫೀಸಿನಲ್ಲಿ ಏನಾಯ್ತು ಅಂತ ಈ ಹುಡುಗನಾದ್ರೂ ಹೇಳ್ಲಿ” ಎಂದರು ಅತ್ತೆ. ನನಗೆ ಆಗ ನಲವತ್ತೆರಡು. ಅವರ ಲೆಕ್ಕದಲ್ಲಿ ಹುಡುಗನೇ.

ನಾನು ಹೇಳಿದೆ. ಓಣಿ, ತಾಳ, ಖಾಲಿ ಪಿನ್ನು, ಸಲಹೆಗಾರರು, ದೀಪ, ಉಕ್ಕಿನ ತುಂಡು, ಕರವಸ್ತ್ರ. ಕರವಸ್ತ್ರದ ಭಾಗಕ್ಕೆ ಬಾಲ್ಕನಿಯಿಂದ ಗಂಡ ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ. ಬಟಾಣಿ ಸುಲಿಯುವುದನ್ನು ನಿಲ್ಲಿಸಿದರು.

“ಖಾಲಿ ಅಂತ ಬರೆದ್ಯಾ?” ಎಂದು ಸೊಸೆಯನ್ನು ಕೇಳಿದರು.

“ಹೂಂ ಅತ್ತೆ. ಖಾಲೀನೇ ತಾನೆ.”

“ಮೂವತ್ತು ವರ್ಷ ಕೆಲ್ಸ ಮಾಡಿ ಇಷ್ಟೂ ತಿಳೀಲಿಲ್ವಲ್ಲೇ ನಿನಗೆ! ನಮ್ಮ ವಾರ್ಡಿನಲ್ಲಿ ಆಪರೇಷನ್ ಆದವರ ಎರಡೂ ಪಕ್ಕದ ಹಾಸಿಗೆ ಖಾಲಿ ಇಡ್ತಿದ್ದೆ. ಅವರು ನೆಮ್ಮದಿಯಾಗಿ ನಿದ್ದೆ ಮಾಡ್ಲಿ ಅಂತ. ತಪಾಸಣೆಗೆ ಬಂದವನು ಖಾಲಿ ಹಾಸಿಗೆ ಕಂಡ ತಕ್ಷಣ ಅಲ್ಲಿಗೆ ಕೆಮ್ಮೋರನ್ನ ಹಾಕಿಸ್ದ. ನಾನು ಜಗಳ ಆಡ್ದೆ, ಅರ್ಜಿ ಬರೆದೆ, ಏನೂ ಆಗ್ಲಿಲ್ಲ. ಮುಂದಿನ ಸಲ ಆ ಹಾಸಿಗೆಗೆ ಹೊಸ ಚಾದರ ಹಾಕಿ, ತಲೆದಿಂಬು ಇಟ್ಟು, ‘ಶುಶ್ರೂಷಾ ಅಂತರ ಸಂಖ್ಯೆ ಒಂದು’, ‘ಶುಶ್ರೂಷಾ ಅಂತರ ಸಂಖ್ಯೆ ಎರಡು’ ಅಂತ ಬೋರ್ಡು ತಗುಲಿಸ್ದೆ. ಅವನು ಓದ್ದ, ತಲೆ ಆಡಿಸ್ದ, ಮುಂದೆ ಹೋದ. ನಾನು ರಿಟೈರ್ ಆಗೋವರೆಗೂ ಆ ಹಾಸಿಗೆ ಯಾರೂ ಮುಟ್ಲಿಲ್ಲ.”

“ಸುಳ್ಳು ಬರೆಯೋದಾ ಅತ್ತೆ?”

“ಸುಳ್ಳು ಎಲ್ಲಿ ಬಂತು? ಅಂತರ ಇತ್ತು ತಾನೆ? ಶುಶ್ರೂಷೆಗೆ ತಾನೆ ಇದ್ದದ್ದು? ನಿನ್ನ ಪಿನ್ನು ಸುಮ್ನೆ ಕೂತಿದ್ಯಾ, ಏನಾದ್ರೂ ಮಾಡ್ತಿದ್ಯಾ?”

ಪಿನ್ನಕ್ಕ ಎದ್ದರು. ಒಳಗೆ ಹೋಗಿ ಪುಸ್ತಕ, ಪೆನ್ನು ತಂದರು. ಆ ದಿನ ಕೈಪಿಡಿಯ ಕೆಲಸ ಆಗಲೇ ಇಲ್ಲ. ಬಟಾಣಿ ಸುಲಿದು ಕೊಟ್ಟು ನಾನು ಮನೆಗೆ ಬಂದೆ.

ಸೋಮವಾರ ಹೊಸ ಪಟ್ಟಿ ಹೊರಬಿತ್ತು. ತಾಳದ ಸುತ್ತಲಿನ ಎಂಟು ಪಿನ್ನುಗಳ ಎದುರು ‘ಭೂಸ್ಥಿರೀಕರಣ ಘಟಕ ೧’ ರಿಂದ ‘ಭೂಸ್ಥಿರೀಕರಣ ಘಟಕ ೮’ ರವರೆಗೆ ಅಚ್ಚಾಗಿತ್ತು. ಈ ಸಲ ಪಿನ್ನಕ್ಕ ಅವುಗಳನ್ನು ನೆಲಕ್ಕೆ ಜೋಡಿಸಿದ್ದಷ್ಟೇ ಅಲ್ಲ, ಚಿಪ್ಪಿನ ಒಳಗಿನಿಂದಲೂ ಸದಾ ಸೊನ್ನೆಯನ್ನೇ ಹೊರಡಿಸುವ ಹಾಗೆ ಬರೆಸಿದ್ದರು. ಅದು ಇನ್ನೂ ಒಳ್ಳೆಯ ಉಪಾಯವೆಂದು, ಓಣಿಯ ನೆಲಕ್ಕೆ ಎಂಟು ಗೂಟ ಹೆಚ್ಚಿಗೆ ಹೊಡೆದಂತಾಯಿತೆಂದು ನನಗೆ ಆಮೇಲೆ ವಿವರಿಸಿದರು. ದೀಪಗಳನ್ನು ಚಿಪ್ಪಿನ ಎದುರು ತುದಿಗೆ, ಒತ್ತುಗುಂಡಿಗಳ ಸಂಕೇತ ಬರುವ ಓಣಿಗೆ ಸಾಗಹಾಕಿದ್ದರು. ಕಾರಣದ ಅಂಕಣದಲ್ಲಿ ‘ಭೂಸ್ಥಿರೀಕರಣ ಘಟಕಗಳಿಗೆ ಸ್ಥಳಾವಕಾಶ’ ಎಂದಿತ್ತು.

ಸಲಹೆಗಾರರು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದರು. ‘ಖಾಲಿ’ ಎಂಬ ಪದ ಎಲ್ಲೂ ಇರಲಿಲ್ಲ.

“ಈ ಘಟಕಗಳು ಏನು ಕೆಲ್ಸ ಮಾಡ್ತವೆ?” ಎಂದು ಕೇಳಿದರು.

“ಸೊನ್ನೆ ಕೊಡ್ತವೆ ಸಾರ್” ಎಂದರು ಪಿನ್ನಕ್ಕ.

“ದಿನಕ್ಕೆ ಎಷ್ಟು ಹೊತ್ತು?”

“ಯಂತ್ರ ಹಾಕಿದಾಗಿಂದ ಆರಿಸೋ ತನಕ. ಒಂದು ಕ್ಷಣಾನೂ ಬಿಡುವಿಲ್ಲ.”

“ಎಂಟೂ?”

“ಎಂಟೂ.”

ಸಲಹೆಗಾರರು ಯಜಮಾನರ ಕಡೆ ತಿರುಗಿ, “ಶೇಕಡಾ ನೂರು!” ಎಂದರು. ಯಜಮಾನರು ಮೇಜು ತಟ್ಟಿದರು. ಮಾರಾಟದ ಮುಖ್ಯಸ್ಥರು, ದೀಪ ಮಾತ್ರ ಇರುತ್ತದೆ ತಾನೆ ಎಂದು ಕೇಳಿಕೊಂಡು ಸಮಾಧಾನಪಟ್ಟರು.

ಹೊಸ ಬೋರ್ಡು ಬಂದ ದಿನ ಪಿನ್ನಕ್ಕ ನನ್ನನ್ನು ಹಲಗೆಯ ಆ ಕಡೆಗೆ ಕರೆದರು. ಆಸಿಲೋಸ್ಕೋಪಿನ ಪರದೆಯ ಮೂಲೆಯಲ್ಲಿ ಅಂಕಿಯೊಂದು ಮಿನುಗುತ್ತಿತ್ತು. ಎಂಟೂವರೆ ಪಿಕೋಸೆಕೆಂಡು. ಹಿಂದಿನ ಬೋರ್ಡಿನಲ್ಲಿ ದೀಪ ತಿರುಗುವಾಗ ಎಷ್ಟಿತ್ತು ಎಂದು ಆಗ ಹೇಳಿದರು. ಮುನ್ನೂರ ಹತ್ತು. ಸೇತುವೆಯ ಅಧಿಕಾರಿಣಿ ಮತ್ತೆ ಬಂದರು. ಬಟ್ಟೆ ಬಿಚ್ಚಿ ಅದೇ ಉಕ್ಕಿನ ತುಂಡನ್ನಿಟ್ಟರು. ದೀಪಗಳು ತಮ್ಮ ಪಾಡಿಗೆ ನೀಲಿ, ಹಸಿರು, ನೇರಳೆ ತಿರುಗಿದವು. ಗೆರೆ ಅಲುಗಲಿಲ್ಲ. ಆಮೇಲೆ ಚೀಲದಿಂದ ಇನ್ನೊಂದು ತುಂಡು ತೆಗೆದರು. ಅದರಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಒಂದೇ ಒಂದು ಮುಳ್ಳು, ಇರಬೇಕಾದ ಜಾಗದಲ್ಲೇ ಎದ್ದಿತು. ಆಕೆ ಯಜಮಾನರನ್ನು ದಾಟಿ, ಮಾರಾಟದ ಮುಖ್ಯಸ್ಥರನ್ನು ದಾಟಿ, ಬಾಗಿಲ ಬಳಿ ನಿಂತಿದ್ದ ಪಿನ್ನಕ್ಕನನ್ನು ನೋಡಿ, “ದೀಪದ ದಾರಿ ಬದಲಿಸಿದ್ರಾ?” ಎಂದು ಕೇಳಿದರು.

“ಹೌದು ಮೇಡಂ.”

“ಹಾಗೇ ಅನ್ಕೊಂಡೆ” ಎಂದರು ಆಕೆ. ಇಬ್ಬರೂ ಮುಗುಳ್ನಕ್ಕರು. ನಾನು ನೋಡಿದ ಹಾಗೆ, ಆ ಯಂತ್ರಕ್ಕಾಗಿ ಪಿನ್ನಕ್ಕನಿಗೆ ಸಿಕ್ಕ ಬಹುಮಾನ ಅಷ್ಟೇ. ಬಳಕೆಯ ಪ್ರಮಾಣ ಏರಿಸಿದ್ದಕ್ಕೆ ಸಲಹೆಗಾರರಿಗೆ ಗಾಜಿನ ಫಲಕವೊಂದನ್ನು ಕೊಟ್ಟರು.

ಆ ಸಂಜೆ ಮೆಟ್ಟಿಲಿಳಿಯುತ್ತಾ ನಾನು ಅವರಿಗೆ ಅಭಿನಂದನೆ ಹೇಳಿದೆ. ಅವರು ಅಷ್ಟೇನೂ ಸಂತೋಷದಲ್ಲಿರಲಿಲ್ಲ.

“ಮೂವತ್ತು ವರ್ಷ ಇದ್ದದ್ದನ್ನ ಇದ್ದ ಹಾಗೆ ಹೇಳಿದ್ದೀನಿ ಕಣಪ್ಪಾ. ಒಬ್ಬರ ಕಿವಿಗೂ ಬೀಳ್ಲಿಲ್ಲ. ಒಂದು ದೊಡ್ಡ ಹೆಸರಿಟ್ಟ ತಕ್ಷಣ ಎಲ್ರೂ ಎದ್ದು ನಿಂತ್ರು. ಇದು ಮೊದಲೇ ಗೊತ್ತಿದ್ರೆ ಏನೇನು ಉಳಿಸ್ಕೋಬಹುದಿತ್ತು ಅಂತ ಲೆಕ್ಕ ಹಾಕ್ತಿದ್ದೀನಿ” ಎಂದರು. ಇನ್ನೆರಡು ಮೆಟ್ಟಿಲಿಳಿದು, “ಹಾಕ್ಬಾರದು. ನಿದ್ದೆ ಬರಲ್ಲ” ಎಂದರು.

ಆದರೆ ಹೆಸರು ಅವರ ಕೈ ತಪ್ಪಿ ತನ್ನ ದಾರಿ ಹಿಡಿದಿತ್ತು. ಮಾರಾಟದ ಕರಪತ್ರದಲ್ಲಿ ‘ಎಂಟು ಭೂಸ್ಥಿರೀಕರಣ ಘಟಕಗಳುಳ್ಳ ಏಕೈಕ ಯಂತ್ರ’ ಎಂದು ದಪ್ಪಕ್ಷರದಲ್ಲಿ ಬಂತು. ಮುಂದಿನ ಮಾದರಿಯಲ್ಲಿ ಹದಿನಾರು ಇರಬೇಕೆಂದು ಯಜಮಾನರು ಅಪ್ಪಣೆ ಕೊಟ್ಟರು. ಪಿನ್ನಕ್ಕ ಅದಕ್ಕೆ ಮಾತ್ರ ಎದುರಾಡಲಿಲ್ಲ, ಇಪ್ಪತ್ತಾದರೆ ಇನ್ನೂ ಒಳ್ಳೆಯದು ಎಂದರು.

ಕೊನೆಗೆ, ಇಡೀ ಸಿಬ್ಬಂದಿಗೆ ಈ ಘಟಕಗಳ ಬಗ್ಗೆ ಒಂದು ಉಪನ್ಯಾಸ ಕೊಡಬೇಕೆಂದು ಅವರಿಗೇ ಹೇಳಿದರು. ಪಿನ್ನಕ್ಕ ಹೊಸದಾಗಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ಮೈಕು ಹಿಡಿದು, ಇಡೀ ವಿಷಯವನ್ನು ಇದ್ದ ಹಾಗೆ ಹೇಳಿಬಿಟ್ಟರು.

“ಇವು ಏನೂ ಮಾಡಲ್ಲ. ಸುಮ್ನಿರ್ತವೆ. ಪಕ್ಕದವನು ಒಂದು ನಾಜೂಕಿನ ಕೆಲ್ಸ ಮಾಡ್ತಿದ್ದಾನೆ, ಅವನ ಹತ್ರ ಗಲಾಟೆ ಬರದ ಹಾಗೆ ಸುತ್ತ ಸುಮ್ನೆ ನಿಂತಿರ್ತವೆ. ಅಷ್ಟೇ. ಮೊದಲು ಇದಕ್ಕೆ ಖಾಲಿ ಅಂತ ಹೆಸರಿತ್ತು.”

ಎರಡು ನಿಮಿಷಕ್ಕೆ ಉಪನ್ಯಾಸ ಮುಗಿಯಿತು. ಸಭೆ ಚಪ್ಪಾಳೆ ತಟ್ಟಿತು. ಯಾರಿಗೂ ಏನೂ ತಟ್ಟಿದ ಹಾಗೆ ಕಾಣಲಿಲ್ಲ. ಸಲಹೆಗಾರರು ಮಾತ್ರ ಎದ್ದು ನಿಂತು ಕಣ್ಣರಳಿಸಿ, “ಇದನ್ನ ಮನುಷ್ಯರಿಗೂ ಅನ್ವಯಿಸಬಹುದಲ್ವಾ?” ಎಂದು ಕೇಳಿದರು.

ಹದಿನೈದು ದಿನಕ್ಕೆ ಸುತ್ತೋಲೆ ಬಂತು. ಪ್ರತಿ ವಿಭಾಗವೂ ಒಬ್ಬರನ್ನು ‘ಸ್ಥಿರೀಕರಣ ಸಿಬ್ಬಂದಿ’ ಎಂದು ನೇಮಿಸತಕ್ಕದ್ದು. ಇವರು ಮುಖ್ಯ ಕೆಲಸ ಮಾಡುವವರ ಪಕ್ಕದಲ್ಲಿ ಕಚೇರಿಯ ವೇಳೆಯುದ್ದಕ್ಕೂ ಸುಮ್ಮನೆ ಕುಳಿತಿರತಕ್ಕದ್ದು. ಅರ್ಜಿಗಳು ರಾಶಿ ಬಿದ್ದವು. ಮಾರಾಟದ ವಿಭಾಗದಿಂದ ಹತ್ತು ಜನ ಸಂದರ್ಶನಕ್ಕೆ ಹೋದರು. ಹತ್ತೂ ಜನ ತಾವು ಎಷ್ಟು ಚೆನ್ನಾಗಿ ಸುಮ್ಮನಿರಬಲ್ಲೆವು ಎಂದು ಅರ್ಧರ್ಧ ಗಂಟೆ ಮಾತಾಡಿ ನಪಾಸಾದರು. ರೇಖಾಚಿತ್ರ ವಿಭಾಗದ ಒಬ್ಬರೇ ಸಿಬ್ಬಂದಿಯ ಹೆಸರನ್ನೂ ಆಯ್ಕೆ ಸಮಿತಿ ಪರಿಶೀಲಿಸಿತು. ‘ಮೀಟಿಂಗುಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಮಾತನಾಡುತ್ತಾರೆ’ ಎಂದು ಷರಾ ಬರೆದು ತಿರಸ್ಕರಿಸಿತು.

ಆ ಪತ್ರವನ್ನು ಪಿನ್ನಕ್ಕ ಹಲಗೆಯ ಮೇಲಿಂದ ನನಗೆ ಕೊಟ್ಟರು. ನಾನು ಓದಿ ಮುಗಿಸುವಷ್ಟರಲ್ಲಿ ಆ ಕಡೆಯಿಂದ ನಗು ಶುರುವಾಗಿತ್ತು. ಅಷ್ಟು ವರ್ಷ ಪಕ್ಕದಲ್ಲಿ ಕೂತಿದ್ದರೂ ಅವರು ಹಾಗೆ ಕಣ್ಣಲ್ಲಿ ನೀರು ಬರುವಂತೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡರು, ಕನ್ನಡಕ ಹಾಕಿಕೊಂಡರು. ಮೇಜಿನ ಮೇಲೆ ಹೊಸ ಚಿಪ್ಪಿನ ನಕ್ಷೆ ಹರಡಿತ್ತು. ಆರುನೂರ ಎಪ್ಪತ್ತಾರು ಪಿನ್ನು.

“ಸದ್ಯ ಬಚಾವಾದೆ. ನನಗೆ ಕೆಲ್ಸ ಇದೆ” ಎಂದು ಅವರು ಸ್ಟೂಲನ್ನು ಹತ್ತಿರ ಎಳೆದುಕೊಂಡರು.